ಹಟ ಹಿಡಿದ ಕೇಪು

ಈಡು ಹೊಡೆಯುವುದಕ್ಕಿಂತ, ಹೊಡೆದು ಮುಗಿದ ಹಿತ್ತಾಳೆಯನ್ನು ಮತ್ತೆ ತೋಟಾ ಮಾಡುವುದೇ ನನಗೆ ಹೆಚ್ಚು ಇಷ್ಟ. ಮಸಿ ತೂಗುವುದು, ಗುಂಡು ಕೂರಿಸುವುದು ನಾಜೂಕಿನ ಕೆಲಸಗಳು. ಅವುಗಳ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಎಲ್ಲಕ್ಕೂ ಮೊದಲು ಸುಟ್ಟ ಕೇಪನ್ನು ಹೊರಹಾಕಬೇಕಲ್ಲ, ಅದಕ್ಕೆ ಮಾತ್ರ ಅಂಥ ಮರ್ಯಾದೆ ಸಿಕ್ಕಿಲ್ಲ. ಬೇಗ ಮುಗಿಸಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ನಾನು ಅಲ್ಲಿಯೇ ನಿಲ್ಲುವವನು. ಸಾಲಾಗಿ ಉದುರುತ್ತಿರುವ ಕೇಪುಗಳ ನಡುವೆ ಯಾವುದೋ ಒಂದು ಜಗ್ಗದೆ ಕೂತುಬಿಟ್ಟರೆ ಆ ಸಂಜೆ ನನಗೆ ರುಚಿಕಟ್ಟಾಗುತ್ತದೆ.

ಮಲೆನಾಡಿನಲ್ಲಿ ಹುಟ್ಟಿದವನಿಗೆ ಕೇಪು ಹೊಸದಲ್ಲ. ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದ ಕೇಪಿನ ಕೋವಿ ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯಲ್ಲಿ ತೂಗುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಇದ್ದು ಬರುತ್ತಿತ್ತು. ನಳಿಗೆಯ ಬಾಯಿಂದ ಮಸಿ, ನಾರು, ಚರೆ ತುಂಬಿ ಗಜದಲ್ಲಿ ಜಡಿದು, ಹಿಂದೆ ತಾಮ್ರದ ಪುಟ್ಟ ಕೇಪು ಸಿಕ್ಕಿಸಿದರೆ ಕೋವಿ ತಯಾರು. ಕುದುರೆ ಬಡಿದು ಈಡು ಹಾರಿದ ಮೇಲೆ ಹರಿದ ಕೇಪನ್ನು ಉಗುರಿನಲ್ಲಿ ಎಬ್ಬಿಸಿ ಬಿಸಾಡಿದರೆ ಆಯಿತು. ರೈಫಲ್ ತೋಟಾದ ಪ್ರೈಮರ್ ಇದೇ ಕೇಪಿನ ವಂಶದ್ದು. ಕೋವಿಯ ಹೊರಮೈಯಲ್ಲಿ ಕೂರುತ್ತಿದ್ದದ್ದು ಈಗ ತೋಟಾದ ಬುಡದಲ್ಲಿ, ತನ್ನ ಅಳತೆಗೇ ಮಾಡಿದ ಗುಳಿಯೊಳಗೆ ಬಿಗಿಯಾಗಿ ಕೂತಿದೆ. ಉಗುರಿಗೆ ದಕ್ಕುವುದಿಲ್ಲ.

ದೊಡ್ಡ ರೈಫಲ್ ಕೇಪಿನ ವ್ಯಾಸ 0.210 ಇಂಚು, ಸಣ್ಣದರದ್ದು 0.175. ಗುಳಿಯ ತಳದ ನಡುವೆ ಸುಮಾರು 2 ಮಿಲಿಮೀಟರಿನ ಕಿಂಡಿ. ಕೇಪಿನ ಕಿಡಿ ಮಸಿಗೆ ಹಾಯುವುದು ಅದರಿಂದಲೇ. ಕೀಳುವಾಗ ದಾರಿ ತಿರುಗುಮುರುಗು. ಖಾಲಿ ತೋಟಾವನ್ನು ಪ್ರೆಸ್ಸಿಗೆ ಸಿಕ್ಕಿಸಿ ಹಿಡಿಕೆ ಇಳಿಸಿದರೆ ಅದು ಮೇಲೇರಿ, ಉಕ್ಕಿನ ಸಪೂರ ಸೂಜಿಯೊಂದು ಅದರ ಬಾಯಿಂದ ಒಳಹೊಕ್ಕು, ಕಿಂಡಿಯನ್ನು ದಾಟಿ, ಕೇಪನ್ನು ಒಳಗಿನಿಂದ ಹೊರಗೆ ದೂಡುತ್ತದೆ. ಅಂಗೈಗೆ ಸಣ್ಣದೊಂದು 'ಟಿಕ್' ತಾಗುತ್ತದೆ. ಆಮೇಲೆ ಕೇಪು ಕೊಳವೆಯಲ್ಲಿ ಉರುಳಿ ಕೆಳಗಿನ ಬಾಟಲಿಗೆ ಬಿದ್ದ ಸದ್ದು.

ಈ 'ಟಿಕ್' ಅನ್ನು ಬೇರೆ ಯಾವುದರ ಜೊತೆಗೂ ಬೆರೆಸಬಾರದೆನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರೈಫಲ್ ತೋಟಾದ ಸಾಮಾನ್ಯ ಸೈಜಿಂಗ್ ಡೈ ಒಂದೇ ಎಳೆತದಲ್ಲಿ ಎರಡು ಕೆಲಸ ಮಾಡುತ್ತದೆ: ಹಿಗ್ಗಿದ ಹಿತ್ತಾಳೆಯನ್ನು ಅಮುಕಿ ಅಳತೆಗೆ ತರುತ್ತದೆ, ಹಾಗೆಯೇ ಕೇಪನ್ನೂ ದೂಡುತ್ತದೆ. ಸಮಯ ಉಳಿಯುತ್ತದೆ, ನಿಜ. ಆದರೆ ಕೈಗೆ ಬರುವ ಬಿಗಿಯಲ್ಲಿ ಹಿತ್ತಾಳೆಯದೆಷ್ಟು, ಕೇಪಿನದೆಷ್ಟು ಎಂದು ಹೇಳಲಾಗುವುದಿಲ್ಲ. ಕೇಪು ಕೀಳುವುದಕ್ಕೆಂದೇ ಇರುವ ಬೇರೆ ಡೈ ಉಂಟು. ಅದು ತೋಟಾದ ಗೋಡೆಯನ್ನು ಮುಟ್ಟುವುದೇ ಇಲ್ಲ. ಸೂಜಿ ಮಾತ್ರ ಒಳಗೆ ಹೋಗಿ ಬರುತ್ತದೆ. ಆಗ ಹಿಡಿಕೆಯಲ್ಲಿ ತಿಳಿಯುವುದೆಲ್ಲ ಕೇಪಿನ ಮಾತೇ. ವಿಸ್ಕಾನ್ಸಿನ್‌ನ ಲೀ ಕಂಪನಿಯದು ನನ್ನ ಬೆಂಚಿನಲ್ಲಿದೆ. ಅದರ ಸೂಜಿಕಡ್ಡಿಯನ್ನು ಹಿಡಿದಿರುವುದು ತಿರುಪಿನ ಮರೆಯಲ್ಲ, ಸುತ್ತಲಿಂದ ಬಿಗಿಯುವ ಒಂದು ಹಿಡಿತ. ಮಿತಿ ಮೀರಿ ಒತ್ತಿದರೆ ಸೂಜಿ ಮುರಿಯುವ ಬದಲು ಕಡ್ಡಿಯೇ ಮೇಲಕ್ಕೆ ಜಾರುತ್ತದೆ. ಯಾರು ಯೋಚಿಸಿದರೋ, ಬಹಳ ಒಳ್ಳೆಯ ಉಪಾಯ.

ಇನ್ನು ಹಟದ ವಿಷಯ. ಕೇಪು ಕಾರಣವಿಲ್ಲದೆ ಹಟ ಹಿಡಿಯುವುದಿಲ್ಲ, ಮತ್ತು ಕಾರಣ ಬಹುಪಾಲು ತೋಟಾದ ಬುಡದಲ್ಲೇ ಬರೆದಿರುತ್ತದೆ.

ನಾನಿರುವುದು ಕಾನ್ಸಾಸ್ ಸಿಟಿಯ ಹೊರವಲಯದಲ್ಲಿ. ಹತ್ತಿರದ ಇಂಡಿಪೆಂಡೆನ್ಸ್ ಊರಿನಲ್ಲಿ ಲೇಕ್ ಸಿಟಿ ಎಂಬ ಸೈನ್ಯದ ಮದ್ದುಗುಂಡಿನ ಕಾರ್ಖಾನೆಯಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ ಶುರುವಾದದ್ದು. ಅಲ್ಲಿಯ ಹಿತ್ತಾಳೆ ಅಮೆರಿಕದ ಶೂಟಿಂಗ್ ರೇಂಜುಗಳಲ್ಲೆಲ್ಲ ಸಿಗುತ್ತದೆ. ಬುಡದಲ್ಲಿ 'ಎಲ್‌ಸಿ' ಎಂಬ ಎರಡಕ್ಷರ, ಪಕ್ಕದಲ್ಲಿ ವರ್ಷದ ಎರಡಂಕಿ. 67 ಎಂದಿದ್ದರೆ 1967. ನ್ಯಾಟೋ ತೋಟಾಗಳಲ್ಲಿ ವೃತ್ತದೊಳಗೊಂದು ಕೂಡುಗುರುತೂ ಇರುತ್ತದೆ. ಇವನ್ನೆಲ್ಲ ಓದಿ ಮುಗಿಸಿ ಕೇಪಿನ ಅಂಚನ್ನು ನೋಡಿದರೆ ಅದರ ಸುತ್ತ ಹಿತ್ತಾಳೆಯನ್ನು ಒಳಮುಖವಾಗಿ ಒತ್ತಿದ ಒಂದು ಉಂಗುರದ ಗುರುತು ಕಾಣುತ್ತದೆ. ಕೆಲವು ತೋಟಾಗಳಲ್ಲಿ ಉಂಗುರದ ಬದಲು ಅಲ್ಲಲ್ಲಿ ಉಳಿಯಿಂದ ಒತ್ತಿದ ಕಚ್ಚು. ಇದೇ ಕ್ರಿಂಪು. ಸ್ವಯಂಚಾಲಿತ ಬಂದೂಕಿನೊಳಗೆ ಕೇಪೊಂದು ಕಳಚಿ ಬಿದ್ದರೆ ಯಂತ್ರವೇ ಕಚ್ಚಿಕೊಂಡು ನಿಲ್ಲುತ್ತದೆ, ಯುದ್ಧದ ನಡುವೆ. ಅದಕ್ಕಾಗಿ ಕಾರ್ಖಾನೆಯವರು ಕೇಪನ್ನು ಬೀಗ ಹಾಕಿಯೇ ಕಳಿಸುತ್ತಾರೆ. ತೇವ ತಾಗದಂತೆ ಅಂಚಿಗೆ ಬಣ್ಣದ ಅರಗೆಣ್ಣೆಯನ್ನೂ ಬಳಿದಿರುತ್ತಾರೆ.

ಇಂಥ ತೋಟಾಕ್ಕೆ ಸೂಜಿ ತಾಗಿದಾಗ ಹಿಡಿಕೆ ನಿಲ್ಲುತ್ತದೆ. ಆಗ ಮೈಭಾರ ಹಾಕಬಾರದು. ಒಂದೇ ಸಮನೆ, ಆತುರವಿಲ್ಲದೆ ಒತ್ತುತ್ತ ಹೋದರೆ ಅರಗೆಣ್ಣೆ ಬಿರಿದದ್ದು ಮೊದಲು ತಿಳಿಯುತ್ತದೆ, ಆಮೇಲೆ ಅಂಚು ಸರಿದು 'ಟಕ್' ಎಂದು ಕೇಪು ಹೊರಗೆ. ಹಾಗೂ ಬರದಿದ್ದರೆ ಪ್ರೆಸ್ಸನ್ನು ಬಿಟ್ಟು ಹಳೆಯ ಪದ್ಧತಿಗೆ ಹೋಗುತ್ತೇನೆ. ನಡುವೆ ತೂತಿರುವ ಉಕ್ಕಿನ ಅಡಿ, ಅದರ ಮೇಲೆ ತೋಟಾ, ಒಳಗೆ ಒಂದು ಪಂಚು, ಮೇಲಿಂದ ಸಣ್ಣ ಸುತ್ತಿಗೆಯ ಏಟು. ಸಾವಕಾಶದ ಒತ್ತಡಕ್ಕೆ ಜಗ್ಗದ್ದು ಚುರುಕಾದ ಒಂದು ಪೆಟ್ಟಿಗೆ ಜಗ್ಗುವುದುಂಟು. ಸುತ್ತಿಗೆ ಎತ್ತುವ ಮುಂಚೆ ಕೇಪಿನ ಮುಖದಲ್ಲಿ ಪಿನ್ನು ಬಡಿದ ಗುಳಿ ಇದೆಯೇ, ಅದು ನಿಜವಾಗಿ ಸುಟ್ಟ ಕೇಪೇ ಎಂದು ನೋಡಿಕೊಳ್ಳುತ್ತೇನೆ, ಕಣ್ಣಿಗೆ ಕನ್ನಡಕ ಹಾಕುತ್ತೇನೆ. ಸುಡದ ಕೇಪಿಗೆ ಸುತ್ತಿಗೆ ತೋರಿಸುವ ಮಾತೇ ಇಲ್ಲ.

ಕೇಪು ಬಂತು ಎಂದರೆ ಕೆಲಸ ಮುಗಿಯಲಿಲ್ಲ. ಬೀಗದ ತುಟಿ ಗುಳಿಯ ಬಾಯಲ್ಲಿ ಇನ್ನೂ ಒಳಬಾಗಿ ನಿಂತಿರುತ್ತದೆ. ಅದನ್ನು ಹಾಗೇ ಬಿಟ್ಟು ಹೊಸ ಕೇಪು ಕೂರಿಸಹೋದರೆ ಕೇಪು ಜಜ್ಜಿಹೋಗುತ್ತದೆ ಅಥವಾ ಪೂರ್ತಿ ಇಳಿಯದೆ ಮೇಲೆದ್ದು ನಿಲ್ಲುತ್ತದೆ. ನಾನು ಕ್ಲಬ್ಬಿನ ಪಂದ್ಯಗಳಲ್ಲಿ ಹಿಡಿಯುವುದು ಹಳೆಯ ಎಂ1 ಗ್ಯಾರಂಡ್. ಅದರ ಫೈರಿಂಗ್ ಪಿನ್ನಿಗೆ ಸ್ಪ್ರಿಂಗಿನ ತಡೆಯಿಲ್ಲ. ಬೋಲ್ಟು ಮುಚ್ಚುವ ರಭಸಕ್ಕೇ ಅದು ಮುಂದೆ ಸರಿದು ಕೇಪನ್ನು ಮುಟ್ಟುತ್ತದೆ. ಮೇಲೆದ್ದ ಕೇಪು ಅಲ್ಲಿ ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ತುಟಿಯನ್ನು ಕೊರೆದು ತೆಗೆಯುವವರಿದ್ದಾರೆ, ದುಂಡನೆಯ ಉಕ್ಕಿನ ಮೊಳೆಯಿಂದ ಒತ್ತಿ ಹಿಂದಕ್ಕೆ ಸರಿಸುವವರಿದ್ದಾರೆ. ನಾನು ಎರಡನೆಯ ಪಂಗಡದವನು. ಕೊರೆದ ಲೋಹ ಮತ್ತೆ ಬರುವುದಿಲ್ಲ, ಕೈ ಸ್ವಲ್ಪ ಹೆಚ್ಚಾದರೂ ಗುಳಿ ಸಡಿಲ. ಒತ್ತಿದ ಲೋಹ ಅಲ್ಲೇ ಇರುತ್ತದೆ.

ಹಟದ ಎರಡನೆಯ ಜಾತಿ ತುಕ್ಕಿನದು. ಮಳೆಯಲ್ಲಿ ನೆನೆದು ಹುಲ್ಲಿನಲ್ಲಿ ಬಿದ್ದಿದ್ದ ಹಿತ್ತಾಳೆ, ಕೇಪು ಕೀಳದೆಯೇ ನೀರಿನಲ್ಲಿ ತೊಳೆದು ಒಣಗಿಸಲು ಮರೆತ ಹಿತ್ತಾಳೆ, ಇವುಗಳ ಗುಳಿಯಲ್ಲಿ ಹಸಿರು ಕಿಲುಬು ಹತ್ತಿ ಕೇಪೂ ಗೋಡೆಯೂ ಒಂದಾಗಿಬಿಟ್ಟಿರುತ್ತವೆ. ಇಲ್ಲಿ ಹಿಡಿಕೆಗೆ ತಿಳಿಯುವುದು ಬೇರೆಯೇ ಗುಣ: ಗಟ್ಟಿ ನಿಲುಗಡೆಯಲ್ಲ, ಮೆತ್ತಗೆ ಕುಸಿದಂತೆ. ಅದು ಕೆಟ್ಟ ಸೂಚನೆ. ಸೂಜಿ ಕೇಪನ್ನು ದೂಡುವ ಬದಲು ಅದರ ತಳವನ್ನೇ ತೂರಿಕೊಂಡು ಹೋಗುತ್ತಿದೆ ಎಂದರ್ಥ. ತಳ ಹರಿದು ಬೀಳುತ್ತದೆ, ಕೇಪಿನ ಪಕ್ಕದ ಗೋಡೆ ಮಾತ್ರ ಮಗುವಿನ ಕಿವಿಯ ರಿಂಗಿನಂತೆ ಗುಳಿಯಲ್ಲಿ ಉಳಿಯುತ್ತದೆ. ಆದ್ದರಿಂದ ಬುಡದಲ್ಲಿ ಹಸಿರು ಕಂಡ ತೋಟಾಗಳನ್ನು ನಾನು ಮೊದಲೇ ಬೇರೆ ಮಾಡಿ, ತುಕ್ಕು ಸಡಿಲಿಸುವ ಎಣ್ಣೆಯ ತೊಟ್ಟನ್ನು ಒಳಗೂ ಹೊರಗೂ ಬಿಟ್ಟು ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಮರುದಿನ ಒತ್ತಡವಲ್ಲ, ಪೆಟ್ಟು. ಬೇರೆಯವರ ಡಬ್ಬದಿಂದ ರಿಂಗು ಉಳಿದ ತೋಟಾ ನನ್ನ ಕೈಗೆ ಬರುವುದೂ ಉಂಟು. ಆಗ ಚೂಪು ಕೊಕ್ಕೆಯಿಂದ ರಿಂಗಿನ ಒಂದು ಬದಿಯನ್ನು ಗೋಡೆಯಿಂದ ಬಿಡಿಸಿ, ಒಳಕ್ಕೆ ಮಡಿಸಿ, ಸಪೂರ ಇಕ್ಕುಳದಲ್ಲಿ ಸುರುಳಿಯಾಗಿ ಎಳೆದು ತೆಗೆಯುತ್ತೇನೆ. ಗುಳಿಯ ಗೋಡೆಗೆ ಗೀರು ಬೀಳದಂತೆ ಅದನ್ನು ತೆಗೆಯುವುದರಲ್ಲಿ ಒಂದು ಸುಖವಿದೆ.

ಫಿನ್ಲೆಂಡಿನ ಲಾಪುವಾ ಕಂಪನಿಯ ಕೆಲವು ತೋಟಾಗಳ ಕಿಂಡಿಯೇ ಸಣ್ಣದು, ಸುಮಾರು 1.5 ಮಿಲಿಮೀಟರು. ಅಲ್ಲಿ ಹಟ ಕೇಪಿನದಲ್ಲ, ದಪ್ಪ ಸೂಜಿಯದು. ಸೂಜಿ ಬದಲಿಸಿದರೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬರ್ಡನ್ ಜಾತಿ. 1866ರ ಆಸುಪಾಸಿನಲ್ಲಿ ಇಬ್ಬರು ಸೈನ್ಯದವರು ಒಂದೇ ಸಮಸ್ಯೆಗೆ ಎರಡು ಉತ್ತರ ಕಂಡುಕೊಂಡರು. ಕೇಪು ಸಿಡಿಯಬೇಕಾದರೆ ಅದರೊಳಗಿನ ಮದ್ದು ಪಿನ್ನಿಗೂ ಒಂದು ಅಡಿಗಲ್ಲಿಗೂ ನಡುವೆ ಸಿಕ್ಕಿ ಜಜ್ಜಬೇಕು. ಇಂಗ್ಲೆಂಡಿನ ವೂಲಿಚ್‌ನಲ್ಲಿದ್ದ ಎಡ್ವರ್ಡ್ ಬಾಕ್ಸರ್ ಆ ಅಡಿಗಲ್ಲನ್ನು ಕೇಪಿನೊಳಗೇ ಇಟ್ಟ. ಹಾಗಾಗಿ ತೋಟಾದ ನಡುಮಧ್ಯೆ ಒಂದೇ ಕಿಂಡಿ ಸಾಕಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ದಳ ಕಟ್ಟಿದ ಹೈರಮ್ ಬರ್ಡನ್ ಅಡಿಗಲ್ಲನ್ನು ತೋಟಾದ ಗುಳಿಯಲ್ಲೇ ಎಬ್ಬಿಸಿದ. ಕಿಂಡಿಗಳು ಅದರ ಎರಡು ಪಕ್ಕಕ್ಕೆ ಸರಿದವು. ಆಮೇಲೆ ಆದದ್ದು ವಿಚಿತ್ರ. ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನ ಪದ್ಧತಿ ಯುರೋಪಿನ ಸೈನ್ಯಗಳ ಪಾಲಾಯಿತು, ಬ್ರಿಟಿಷರ .303 ತೋಟಾ ಕೂಡ ಅದನ್ನೇ ಹಿಡಿಯಿತು.

ಆ .303ರ ಮೂಲಕವೇ ನನ್ನ ಬೆಂಚಿಗೆ ಭಾರತ ಬಂದಿದೆ. ಹಳೆಯ ಸೈನ್ಯದ ಸರಕಾಗಿ ಅಮೆರಿಕಕ್ಕೆ ಬಂದ ತೋಟಾಗಳಲ್ಲಿ ಬುಡಕ್ಕೆ 'ಕೆ', 'ಎಫ್' ಎಂದು ಒತ್ತಿದವು ಸಿಗುತ್ತವೆ. ಪುಣೆಯ ಪಕ್ಕದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯವು. ಆ ಕಾರ್ಖಾನೆ ಹುಟ್ಟಿದ್ದು 1869ರಲ್ಲಿ. ಇಂಥದ್ದನ್ನು ಗೊತ್ತಿಲ್ಲದೆ ಪ್ರೆಸ್ಸಿಗೆ ಕೊಟ್ಟರೆ ಸೂಜಿ ನೇರ ಹೋಗಿ ಅಡಿಗಲ್ಲಿಗೆ ಬಡಿಯುತ್ತದೆ. ನಡುವೆ ಕಿಂಡಿಯೇ ಇಲ್ಲವಲ್ಲ. ಒಳಗೆ ಟಾರ್ಚು ಬಿಟ್ಟು ನೋಡಿದರೆ ತಳದಲ್ಲಿ ಎರಡು ಕಣ್ಣು ಕಾಣುತ್ತದೆ. ಅದಕ್ಕೆ ಮದ್ದು ನೀರು. ತೋಟಾವನ್ನು ಅಂಚಿನವರೆಗೆ ನೀರಿನಿಂದ ತುಂಬಿ, ಕತ್ತಿನೊಳಗೆ ಬಿಗಿಯಾಗಿ ಕೂರುವ ಕಂಬಿ ಇಟ್ಟು, ಬಕೆಟ್ಟಿನ ಮೇಲೆ ಹಿಡಿದು ಸುತ್ತಿಗೆಯಿಂದ ಒಂದು ಏಟು ಕೊಡಬೇಕು. ನೀರು ಕುಗ್ಗುವುದಿಲ್ಲ, ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುತ್ತದೆ. ಎರಡು ಸಣ್ಣ ಕಣ್ಣುಗಳಿಂದ ಅದು ಹಾದುಹೋಗಿ ಕೇಪಿನ ಹಿಂದೆ ಸೇರಿ ಅದರ ಇಡೀ ಅಗಲವನ್ನು ಒಟ್ಟಿಗೆ ದೂಡುತ್ತದೆ. ಕೇಪು ಹಾರಿ ಬಕೆಟ್ಟಿನ ತಳಕ್ಕೆ ಬಿದ್ದಾಗ ಅದಕ್ಕೆ ಒಂದು ಗೀರೂ ಆಗಿರುವುದಿಲ್ಲ, ಗುಳಿಗೂ ಇಲ್ಲ. ಪಾಸ್ಕಲನ ನಿಯಮವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ಕೈಯಲ್ಲಿ ಹಿಡಿದದ್ದು ಖಡ್ಕಿಯ ಹಿತ್ತಾಳೆಯಿಂದ.

ಆ ತೋಟಾಗಳನ್ನು ನಾನು ಮತ್ತೆ ತುಂಬುವುದಿಲ್ಲ. ಬರ್ಡನ್ ಕೇಪು ಇಲ್ಲಿ ಸಿಗುವುದು ಕಷ್ಟ. ಅಲ್ಲದೆ ಹಳೆಯ ಕಾಲದ ಕೇಪಿನಲ್ಲಿ ಪಾದರಸದ ಫಲ್ಮಿನೇಟ್ ಇದ್ದಿದ್ದರೆ ಅದು ಹಿತ್ತಾಳೆಯನ್ನು ಒಳಗಿಂದಲೇ ಪೆಡಸು ಮಾಡಿರುತ್ತದೆ, ಹೊರಗೆ ಕಾಣುವುದಿಲ್ಲ. ತೊಳೆದು, ಗುಳಿಯನ್ನು ಉಜ್ಜಿ, ಶೆಲ್ಫಿನಲ್ಲಿ ಇಡುತ್ತೇನೆ.

ಗುಳಿಯಿಂದ ಉದುರುವ ಕಪ್ಪು ಪುಡಿಯನ್ನು ಮಾತ್ರ ಹಗುರಾಗಿ ಕಾಣುವಂತಿಲ್ಲ. ಈಗಿನ ಬಹುತೇಕ ಕೇಪುಗಳ ಮದ್ದಿನಲ್ಲಿ ಸೀಸವಿದೆ. ಬೆಂಚಿನ ಹತ್ತಿರ ಕಾಫಿ ಲೋಟ ಬರಕೂಡದು, ಮಕ್ಕಳೂ ಬರಕೂಡದು. ಕೈಗವಸು ಕಳಚಿದ ಮೇಲೂ ಸೋಪಿನಲ್ಲಿ ಕೈ ತೊಳೆದೇ ಮನೆಯೊಳಗೆ ಹೆಜ್ಜೆ.

ಹಟ ಹಿಡಿದ ಕೇಪಿನ ಮೇಲೆ ನನಗಿರುವ ಮೋಹಕ್ಕೆ ಇನ್ನೊಂದು ಕಾರಣವೂ ಇದೆ. ತುಕ್ಕು ಹಿಡಿದಿಲ್ಲ, ಬೀಗ ಹಾಕಿಲ್ಲ, ಆದರೂ ಕೇಪು ಗಟ್ಟಿಯಾಗಿ ಕೂತಿದೆ ಎಂದರೆ ಗುಳಿ ಇನ್ನೂ ತನ್ನ ಅಳತೆಯಲ್ಲಿದೆ, ಹಿತ್ತಾಳೆಗೆ ಇನ್ನೂ ಆಯುಸ್ಸಿದೆ. ನನ್ನ ಕಿವಿ ನೆಟ್ಟಗಾಗುವುದು 'ಟಿಕ್' ಕೇಳದೆ ಇದ್ದಾಗ. ಹಿಡಿಕೆ ಗಾಳಿಯಲ್ಲಿ ಇಳಿದಂತೆ ಇಳಿದು, ಕೇಪು ತಾನಾಗಿ ಉದುರಿದರೆ, ಬಲವಾದ ಈಡುಗಳ ಒತ್ತಡಕ್ಕೆ ಗುಳಿ ಹಿಗ್ಗಿಹೋಗಿದೆ ಎಂದು ಅರ್ಥ. ಹೊಸ ಕೇಪು ಅಲ್ಲಿ ನಿಲ್ಲುವುದಿಲ್ಲ. ನಿಂತರೂ ಸುಡುವ ಅನಿಲ ಅದರ ಅಂಚಿನಿಂದ ಹಿಂದಕ್ಕೆ ನುಗ್ಗಿ ಬೋಲ್ಟಿನ ಮುಖವನ್ನು ತಿನ್ನುತ್ತದೆ. ಅಂಥ ತೋಟಾ ಎಷ್ಟೇ ಹೊಳೆಯುತ್ತಿರಲಿ, ಎಷ್ಟೇ ದುಬಾರಿಯದಾಗಿರಲಿ, ಬೇರೆ ಯಾರೂ ಆರಿಸಿಕೊಳ್ಳದ ಹಾಗೆ ಅದರ ಬಾಯನ್ನು ಇಕ್ಕುಳದಲ್ಲಿ ಜಜ್ಜಿ ಗುಜರಿ ಡಬ್ಬಕ್ಕೆ ಹಾಕಿ, ಮುಂದಿನದನ್ನು ಕೈಗೆ ತೆಗೆದುಕೊಳ್ಳುತ್ತೇನೆ.