ಬಾರಾಪೆಡೆ ಗುಹೆಯ ಅಪರೂಪದ ಬಾವಲಿ

ಶಲವಡಿಯ ಆಸುಪಾಸಿನ ನವಲಗುಂದ ಸೀಮೆಯ ಎರೆಹೊಲಗಳಿಗೆ ಕಾಲುವೆ ನೀರುಣಿಸುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನಲ್ಲಿ. ಅದೇ ತಾಲ್ಲೂಕಿನ ಭೀಮಗಡದಲ್ಲಿರುವ ಬಾರಾಪೆಡೆ ಗುಹೆ ರಾಟನ್ ಬಾವಲಿಯ ಮನೆ. ದೊಡ್ಡ ಕಿವಿ, ಪೊರೆಯಿಂದಾಚೆ ಚಾಚಿದ ಬಾಲ ಇದರ ಗುರುತು. ಹಾರುವ ಕೀಟಗಳೇ ಆಹಾರ.

1913ರಲ್ಲಿ ಇದನ್ನು ಹೊಸ ಪ್ರಭೇದವೆಂದು ಗುರುತಿಸಲಾಯಿತು. ಬಹುಕಾಲ ಜಗತ್ತಿನಲ್ಲೇ ಇದರ ನೆಲೆ ಇದೊಂದೇ ಎಂದು ನಂಬಲಾಗಿತ್ತು. ಮುಂದೆ ಮೇಘಾಲಯ, ಕಾಂಬೋಡಿಯಾಗಳಲ್ಲೂ ಕಂಡಿತು. ಆದರೂ ತಿಳಿದಿರುವ ನೆಲೆಗಳು ಬೆರಳೆಣಿಕೆಯಷ್ಟೇ.

2011ರಲ್ಲಿ ಭೀಮಗಡ ವನ್ಯಧಾಮವಾಯಿತು. ಹುಲಿಯಂತೆ ಈ ಬಾವಲಿಯೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆದರೆ ಗುಹೆಯೊಳಗಿನ ಹೊಗೆ, ಬ್ಯಾಟರಿ ಬೆಳಕು, ಗದ್ದಲ ಹಗಲಲ್ಲಿ ಮಲಗಿದ ಹಿಂಡನ್ನು ಬೆದರಿಸುತ್ತವೆ. ಹೆರಿಗೆಗೊಂದೇ ಮರಿಯಾದ್ದರಿಂದ ಆದ ನಷ್ಟ ಬೇಗ ತುಂಬದು. ಭೀಮಗಡ ನೋಡಹೋಗುವ ಮಕ್ಕಳಿಗೆ ಪಾಲಕರು ಇಷ್ಟು ತಿಳಿಹೇಳಲಿ: ಕಾಡು ನೋಡಿ, ಗುಹೆಯನ್ನು ಬಾವಲಿಗೇ ಬಿಡಿ.