ನದಿಗೆ ಕಟ್ಟುವ ಬಾಡಿಗೆ

ನೀವು ಎಂದಾದರೂ ಅಮೆರಿಕದ ಯೆಲ್ಲೋಸ್ಟೋನ್ ನೋಡಲು ಹೋದರೆ, ಅದರ ಪಶ್ಚಿಮದ ಬಾಗಿಲಲ್ಲಿರುವ ವೆಸ್ಟ್ ಯೆಲ್ಲೋಸ್ಟೋನ್ ಎಂಬ ಪುಟ್ಟ ಊರಿನಲ್ಲಿ ಸ್ವಲ್ಪ ನಿಲ್ಲಿ. ಗಾಳ ಹಾಕಿ ಟ್ರೌಟ್ ಮೀನು ಹಿಡಿಯುವವರಿಗೆ ಸಾಮಾನು ಮಾರುವ ಬ್ಲೂ ರಿಬ್ಬನ್ ಫ್ಲೈಸ್ ಈ ಊರಿನ ಅಂಗಡಿ. ಆಗ ಅದರ ಒಡೆಯರಾಗಿದ್ದ ಕ್ರೇಗ್ ಮ್ಯಾಥ್ಯೂಸ್, ಪ್ಯಾಟಗೋನಿಯಾ ಕಂಪನಿಯ ಇವಾನ್ ಶೂನಾರ್ಡ್ ಅವರೊಡನೆ 2002ರಲ್ಲಿ ‘ಒನ್ ಪರ್ಸೆಂಟ್ ಫಾರ್ ದಿ ಪ್ಲಾನೆಟ್’ ಸಂಸ್ಥೆ ಕಟ್ಟಿದರು. ಸೇರಿದವರು ಮಾರಾಟದಲ್ಲಿ ನೂರಕ್ಕೊಂದು ಪಾಲನ್ನು ಪರಿಸರದ ಕೆಲಸಕ್ಕೆ ಕೊಡಬೇಕು. ಲೆಕ್ಕ ಲಾಭದ ಮೇಲಲ್ಲ, ಮಾರಾಟದ ಮೇಲೆ; ನಷ್ಟದ ವರ್ಷವೂ ತಪ್ಪಿಸುವಂತಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆ? ಹತ್ತಿರದ ಮ್ಯಾಡಿಸನ್ ನದಿಯನ್ನು ನೋಡಿ. ಟ್ರೌಟಿಗೆ ತಣ್ಣನೆಯ ತಿಳಿನೀರೇ ಬೇಕು. ನೀರು ಕೆಟ್ಟರೆ ಮೀನಿಲ್ಲ, ಮೀನಿಲ್ಲದಿದ್ದರೆ ಗಿರಾಕಿಯಿಲ್ಲ. ಅಂಗಡಿಯ ಬಾಡಿಗೆಯಂತೆ ನದಿಯ ಬಾಡಿಗೆಯನ್ನೂ ಕಟ್ಟಬೇಕಷ್ಟೆ.

ನಾಳೆ ನಿಮ್ಮಲ್ಲೂ ಕೆಲವರು ಅಂಗಡಿ ತೆರೆಯುವಿರಿ. ಯಾವ ನೀರನ್ನು ನಂಬಿ ಬದುಕುತ್ತೀರೋ, ಅದರ ಪಾಲನ್ನು ಲೆಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಡಿ.