ಹಂಡೆಗೆ ನೀರು ತುಂಬುವ ಮೊದಲು

ಮುಂಬಯಿಯಲ್ಲಿ ದೀಪಾವಳಿ ಬಂತೆಂದರೆ ಮಕ್ಕಳಿಗೆ ಎರಡು ಮೂರು ವಾರ ರಜೆ, ಅಪ್ಪ ಅಮ್ಮಂದಿರಿಗೆ ಎರಡೇ ದಿನ. ಹಾಗಾಗಿ ಹಲವು ವರ್ಷಗಳಿಂದ ನಮ್ಮ ಹಬ್ಬ ಓಡಾಟದಲ್ಲೇ ಮುಗಿಯುತ್ತಿತ್ತು. ಗೋವಾಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ, ನರಕ ಚತುರ್ದಶಿಯ ನಸುಕಿನಲ್ಲಿ ಹೊನ್ನಾವರದ ಹತ್ತಿರದ ನಮ್ಮ ಮನೆ. ಬಚ್ಚಲಲ್ಲಿ ನೀರು ಕಾದಿರುತ್ತಿತ್ತು, ಅಡುಗೆಮನೆಯಲ್ಲಿ ಬಗೆಬಗೆಯ ಅವಲಕ್ಕಿ ತಯಾರಿರುತ್ತಿತ್ತು. ಎಣ್ಣೆಸ್ನಾನ, ಊಟ, ಎರಡು ಫೋಟೊ. ಮೂರನೇ ದಿನ ಡೊಂಬಿವಲಿಗೆ ವಾಪಸ್ಸು.

ಈ ಸಲ ಒಂಬತ್ತು ದಿನ ರಜೆ ಕೂಡಿಸಿಕೊಂಡು ರೈಲಿನಲ್ಲೇ ಹೊರಟೆವು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ನಮ್ಮ ಕಡೆಯ ಮುಂಬಯಿಕರರಿಗೆ ಊರು ಹತ್ತಿರವಾಯಿತು. ಹೆಚ್ಚಿನ ಕಡೆ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಸುಮ್ಮನೆ ನಿಲ್ಲಬೇಕು. ಮೊದಲಾಗಿದ್ದರೆ ನಾನು ಗಡಿಯಾರ ನೋಡಿ ಚಡಪಡಿಸುತ್ತಿದ್ದೆ. ಈಗ ಹತ್ತು ವರ್ಷದ ಮಗಳ ಜೊತೆ ಕಿಟಕಿಯಾಚೆ ಗದ್ದೆ ನೋಡುತ್ತ ಕುಳಿತೆ. ರತ್ನಾಗಿರಿಯ ಹತ್ತಿರದ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗದಲ್ಲಿ ಅವಳು ಒಂದರಿಂದ ಎಣಿಸತೊಡಗಿ, ಇನ್ನೂರು ದಾಟಿದ ಮೇಲೆ ನಿದ್ದೆಹೋದಳು.

ಬೆಳಗಿನ ಜಾವ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆ ಕಡೆಯ ಮೊದಲ ಬಸ್ಸು ಹತ್ತಿದೆವು. ಶರಾವತಿಯ ಮೇಲೆ ಮಂಜಿತ್ತು. ಅಂಗಳದಲ್ಲಿದ್ದ ಆಯಿ ನಮ್ಮನ್ನು ಕಂಡು, “ಯಂತ ತಮಾ, ಇಷ್ಟ್ ಮುಂಚೆ ಬಂದ್ಬುಟ್ಯಲಾ!” ಎಂದಳು. ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು.

ಆ ಮೂರು ದಿನಗಳನ್ನು ನಾನು ಬಹಳ ವರ್ಷಗಳಿಂದ ನೋಡಿಯೇ ಇರಲಿಲ್ಲ. ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು, ಬಚ್ಚಲೊಲೆ ಸಾರಿಸುವುದು, ಬೇಲಿಯಲ್ಲಿ ಹಿಂಡ್ಲೆಬಳ್ಳಿ ಹುಡುಕುವುದು, ದನಗಳ ಕೊರಳಿಗೆಂದು ಅಡಿಕೆ ಪೋಣಿಸುವುದು. ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಮನೆಯಲ್ಲಿ ಪಂಪಿದೆ. ಆದರೆ ಹಬ್ಬದ ಹಂಡೆಗೆ ಬಾವಿಯ ನೀರನ್ನು ಕೈಯಲ್ಲೇ ಸೇದಿ ತುಂಬಬೇಕೆಂಬುದು ನಮ್ಮ ಮನೆಯ ರೂಢಿ. ಅದು ಎಂದೂ ಅಪ್ಪಯ್ಯನ ಕೆಲಸ.

ಸಂಜೆ ಪಕ್ಕದ ಮನೆಯ ಹುಡುಗ ಕೊಡಪಾನ ಹಿಡಿದು ಬಂದ. ಅಪ್ಪಯ್ಯ ಬಾವಿಕಟ್ಟೆಯ ಮೇಲೆ ಹೋಗಿ ಕುಳಿತರು. ಹುಡುಗ ಹಗ್ಗಕ್ಕೆ ಕೈಹಾಕಿದ. ನಾನು ಆಯಿಯ ಮುಖ ನೋಡಿದೆ.

“ಮೂರು ವರ್ಷ ಆತು. ಅವರ ಭುಜ ಏಳ್ತಿಲ್ಲೆ. ನೀ ಬಪ್ಪ ಹೊತ್ತಿಗೆ ಹಂಡೆ ತುಂಬಿರ್ತು ಅಲ್ದಾ?”

ಅವಳು ದೂರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತೇನೆ. “ಆರಾಮಿದ್ದಿರಾ?” ಎಂದರೆ “ಆರಾಮು” ಎನ್ನುತ್ತಾರೆ. ಭುಜದ ಸುದ್ದಿ ಆ ಮಾತಿನೊಳಗೆ ಎಂದೂ ಬಂದಿರಲಿಲ್ಲ.

ಹುಡುಗನ ಕೈಯಿಂದ ಹಗ್ಗ ತೆಗೆದುಕೊಂಡೆ. ಹತ್ತು ಕೊಡ ಆಗುವಷ್ಟರಲ್ಲಿ ಅಂಗೈ ಕೆಂಪಾಯಿತು. “ಕೈ ಸಡ್ಲ ಬಿಡಡ, ರಾಟೆ ತಿರುಗ್ಲಿ” ಎಂದು ಅಪ್ಪಯ್ಯ ಕುಳಿತಲ್ಲಿಂದಲೇ ಹೇಳಿಕೊಟ್ಟರು. ಆಮೇಲೆ ಮೊಮ್ಮಗಳನ್ನು ಕರೆದು, ತುಂಬಿದ ಹಂಡೆಯ ಕೊರಳಿಗೆ ಹಿಂಡ್ಲೆಬಳ್ಳಿ ಸುತ್ತಿಸಿದರು. ಮರಾಠಿ ಬೆರೆಸಿ ಕನ್ನಡ ಮಾತಾಡುವ ಅವಳು ಆ ಸಂಜೆ ಹಂಡೆ, ರಾಟೆ, ಶೇಡಿ ಎಂಬ ಮಾತುಗಳನ್ನು ಅಜ್ಜನ ಬಾಯಿಂದಲೇ ಕಲಿತಳು. ಮರುದಿನ ನಸುಕಿನಲ್ಲಿ ಹಿಂಡ್ಲೆಕಾಯಿ ತುಳಿದು, ಆಯಿಯಿಂದ ತಲೆಗೆ ಎಣ್ಣೆ ಹಾಕಿಸಿಕೊಂಡು ಮಿಂದಾಗ, ಆ ನೀರು ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿತ್ತು, ನನಗೂ.

ಹಬ್ಬ ಕಳೆದ ಮೇಲೂ ನಾಲ್ಕು ದಿನ ಉಳಿದೆವು. ಅಪ್ಪಯ್ಯನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಲು ಆದದ್ದು ಆಗಲೇ. ವಯಸ್ಸಿನ ಸವೆತ, ದಿನಾ ಸ್ವಲ್ಪ ವ್ಯಾಯಾಮ ಬೇಕೆಂದರು. ಅದನ್ನು ಮೊಮ್ಮಗಳು ಎದುರಿಗೆ ನಿಂತು ಮಾಡಿಸಿದಳು. ಈಗ ಡೊಂಬಿವಲಿಯಿಂದ ಫೋನಿನಲ್ಲಿ ಮಾಡಿಸುತ್ತಾಳೆ.

ದೂರದ ಊರುಗಳಲ್ಲಿರುವ ನಾವೆಲ್ಲ ಹಬ್ಬಕ್ಕೆಂದು ಮನೆಗೆ ಹೋಗುತ್ತೇವೆ. ಆದರೆ ಮನೆಯವರು ಹೇಗಿದ್ದಾರೆಂಬುದು ಹಬ್ಬದ ದಿನ ಕಾಣಿಸುವುದಿಲ್ಲ. ಅಂದು ಎಲ್ಲರೂ ಹೊಸ ಬಟ್ಟೆಯಲ್ಲಿರುತ್ತಾರೆ. ಸಾಧ್ಯವಾದರೆ ಹಂಡೆಗೆ ನೀರು ತುಂಬುವ ಮೊದಲೇ ಹೋಗಿ. ಬರುವ ವರ್ಷದ ಕ್ಯಾಲೆಂಡರಿನಲ್ಲಿ ನಾನು ಮೊದಲು ಗುರುತು ಹಾಕುವುದು ಆ ತ್ರಯೋದಶಿಗೇ.